ಹೂಂಗುಟ್ಟಿದವಳು

ಐದು ವರ್ಷದ ಪುಟ್ಟಿಗೆ ಶ್ರುತಿ, ತಾಳ ಎಲ್ಲ ಒಲಿದಿತ್ತು, ಧೈರ್ಯವೊಂದು ಒಲಿದಿರಲಿಲ್ಲ. ರೇಡಿಯೋ ಕೇಂದ್ರದ ಕಿಟಕಿಯಿಲ್ಲದ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿದರೆ, ಮೈಕು ಕಂಡದ್ದೇ ಬಾಯಿಗೆ ಬೀಗ. ಕೊನೆಗೆ ಅಕ್ಕ ಸ್ಟೂಲಿನ ಬುಡದಲ್ಲಿ ಕೂತಳು. "ನಂಗೆ ಕಥೆ ಹೇಳೋ ಹಾಗೆ ಹಾಡು. ನಾನು ಹೂಂ ಅಂತೀನಿ."

ಹಾಡೂ ದಾರಿ ತಪ್ಪಿದ ಮೋಡದ ಕಥೆಯೇ. ಪ್ರತಿ ಸಾಲಿಗೂ ಅಕ್ಕ ಮೆಲ್ಲಗೆ ಹೂಂಗುಟ್ಟಿದಳು. ಹಾಡು ಮನೆಮಾತಾಯಿತು. ಆ ಹೂಂ ಕೂಡ ಮಗುವಿನದೇ ತುಂಟಾಟವೆಂದುಕೊಂಡ ಜನ ಅವಳನ್ನು 'ಹೂಂ ಪುಟ್ಟಿ' ಎಂದು ಕರೆದರು. ಅಕ್ಕ ನಕ್ಕು ಸುಮ್ಮನಾದಳು. ಮರುವರ್ಷ ಜ್ವರ ಬಂದು ತೀರಿಕೊಂಡಳು.

ಪುಟ್ಟಿ ನಾಟಕಕ್ಕೆ ಹೋದಳು, ಅಲ್ಲಿಂದ ಸಿನಿಮಾಕ್ಕೆ. ತನ್ನ ಪಾತ್ರದ ಹಾಡು ತಾನೇ ಹಾಡಿದಳು. ಪ್ರತಿ ಸಾಲಿನ ಕೊನೆಗೆ ಒಂದು ಗಳಿಗೆ ತಡೆಯುವ ಚಾಳಿ ಮಾತ್ರ ಬಿಡಲಿಲ್ಲ. ಮಾತು ಮರೆತಳೆಂದು ನಿರ್ದೇಶಕರು ಮೊದಮೊದಲು ತಲೆ ಚಚ್ಚಿಕೊಂಡರು. ಪ್ರಶಸ್ತಿ ಬಂದ ಮೇಲೆ ಅದೇ ಜನ ಅದಕ್ಕೆ 'ಮೌನದ ಅಭಿನಯ' ಎಂದು ಹೆಸರಿಟ್ಟರು. ಅಭಿನಯವೂ ಇಲ್ಲ, ಮಣ್ಣೂ ಇಲ್ಲ. ಕಾಲಬುಡದಿಂದ ಹೂಂ ಕೇಳೀತೆಂದು ಅವಳು ಕಾಯುತ್ತಿದ್ದಳು. ಆ ಹಳೆಯ ರೆಕಾರ್ಡು ಬಿಟ್ಟರೆ ಅಕ್ಕನ ದನಿ ಇನ್ನೆಲ್ಲೂ ಉಳಿದಿರಲಿಲ್ಲ.

ಪುಟ್ಟಿಯ ತಲೆ ನರೆತ ಮೇಲೆ ಆ ಹಾಡನ್ನು ಹೊಸದಾಗಿ ಹೊರತರಲು ಹೊರಟರು. ಸ್ಟುಡಿಯೋದಲ್ಲಿ ಕೇಳಿದರೆ ಹಾಡು ತೊಳೆದಿಟ್ಟ ತಟ್ಟೆಯಂತೆ ಫಳಫಳ. ಹೂಂ ಮಾತ್ರ ಇಲ್ಲ. ಎಲ್ಲಿ ಹೋಯಿತೆಂದು ಕೇಳಿದಳು.

ಹೂಂ ತೀರಾ ಮಂಕಾಗಿತ್ತು, ಅದಕ್ಕೇ ಬೇರೆ ಮಾಡಿ ತೆಗೆದೆ ಎಂದ ರೆಕಾರ್ಡಿಂಗಿನವನು. "ನೀವೇ ಹೊಸದಾಗಿ ಹೇಳ್ಬಿಡಿ ಅಮ್ಮ. ವಯಸ್ಸನ್ನ ಕಂಪ್ಯೂಟರ್ ನೋಡ್ಕೊಳ್ಳುತ್ತೆ."

"ಅದು ನನ್ನದಲ್ಲಪ್ಪ. ನಮ್ಮಕ್ಕಂದು." ಇಷ್ಟು ವರ್ಷಕ್ಕೆ ಮೊದಲ ಸಲ ಬಾಯಿಬಿಟ್ಟಿದ್ದಳು. "ತೆಗ್ದಿದ್ದನ್ನ ಹಾಗೇ ವಾಪಸ್ ಸೇರ್ಸು. ಮೊದ್ಲು ಅದೊಂದನ್ನೇ ಕೇಳಿಸು."

ಅವನು ಹಾಕಿದ. ಹಾಡಿಲ್ಲದ ಹಾಡು. ಖಾಲಿ, ಹೂಂ. ಖಾಲಿ, ಹೂಂ. ಪುಟ್ಟಿ ಕಣ್ಣು ಮುಚ್ಚಿ ತುಟಿಯಲ್ಲೇ ಸಾಲುಗಳನ್ನು ಹೇಳಿಕೊಂಡಳು. ಕೊನೆಯ ಸಾಲನ್ನು ಅವಳು ಅಂದು ಗಂಟಲು ಹರಿಯುವಂತೆ ಎಳೆದು ಹಾಡಿದ್ದಳು. ಆ ಎಳೆತದಡಿ ಇಷ್ಟು ದಿನ ಹೂತುಹೋಗಿದ್ದ ದನಿಯೊಂದು ಈಗ ಸ್ಪಷ್ಟವಾಗಿ ಕೇಳಿತು.

"ಹೂಂ. ಆಮೇಲೆ?"

ಕಾಯುತ್ತಿದ್ದವಳು ತಾನೊಬ್ಬಳೇ ಎಂದು ತಿಳಿದಿದ್ದಳು ಪುಟ್ಟಿ. ಮೈಕಿನತ್ತ ಬಾಗಿದಳು. ಎಷ್ಟೋ ಪಾತ್ರಗಳ ಮಾತು ಬಾಯಿಪಾಠವಿದ್ದವಳಿಗೆ ಮೋಡದ ಕಥೆಯಲ್ಲಿ ಇನ್ನೊಂದು ಸಾಲು ಹುಟ್ಟಲಿಲ್ಲ.