ಅಳಗಮ್ಮಾಳ್ ಆರಿಸಿದ ತೂತುಪಲಗೆ

ತಮಿಳು ಸೀಮೆಯ ಉತ್ತಮಪಾಳಯದ ನೇಕಾರರ ಸಂಘದಲ್ಲಿ ಗುಮಾಸ್ತನಾಗಿ ಸೇರಿದ ಮೊದಲ ವಾರವೇ ದುರೈ, ಯಾರೂ ಕೇಳದೆ, ಸಂಘಕ್ಕೊಂದು ಉಪಕಾರ ಮಾಡಿದ. ಮಗ್ಗದ ಕೊಟ್ಟಿಗೆಯ ಗೋಡೆಯಲ್ಲಿ ದಾರದಿಂದ ಹೆಣೆದ ರಟ್ಟಿನ ಪಟ್ಟಿಗಳ ಸರವೊಂದು ನೇತಾಡುತ್ತಿತ್ತು. ಪ್ರತಿ ರಟ್ಟಿನಲ್ಲೂ ತೂತುಗಳು. ಅಳಗಮ್ಮಾಳ್ ಎಂಬ ನಡುವಯಸ್ಸಿನ ಹೆಂಗಸು ಅದರಲ್ಲೊಂದು ತೂತಿಗೆ ಗೋಂದು ಹಚ್ಚಿ ಕಾಗದದ ಚೂರು ಅಂಟಿಸಿದ್ದನ್ನು ಅವನು ಬೆಳಿಗ್ಗೆ ನೋಡಿದ್ದ. ಹುಳ ತಿಂದ ರಟ್ಟನ್ನು ದುರಸ್ತಿ ಮಾಡುವುದೇ ಆಕೆಯ ಕೆಲಸವಿರಬೇಕು, ಪಾಪ, ಒಬ್ಬಳೇ ಎಷ್ಟಂತ ಮುಚ್ಚಿಯಾಳು ಎಂದು ಮರುಗಿ, ಆಕೆ ಊಟಕ್ಕೆ ಹೋದ ಹೊತ್ತು ನೋಡಿ ಗೋಂದಿನ ಬಾಟಲಿ ಹಿಡಿದು ಕೂತ. ಎಸ್.ಎಸ್.ಎಲ್.ಸಿ. ಪಾಸಾದವನ ಕೈ ಅಲ್ಲವೇ, ಕೆಲಸ ಅಚ್ಚುಕಟ್ಟಾಗಿತ್ತು. ಆಕೆ ವಾಪಸು ಬರುವಷ್ಟರಲ್ಲಿ ಸರದ ಅರ್ಧಭಾಗ ನುಣ್ಣಗಾಗಿತ್ತು.

ಅಳಗಮ್ಮಾಳ್ ಸರವನ್ನು ಬೆಳಕಿಗೆ ಹಿಡಿದಳು. ಬೆಳಕು ಆಚೆ ಬರಲಿಲ್ಲ.

“ಇದು ಯಾರ್ ಮಾಡಿದ್ ವೇಲೆ, ಯಾರ್ ಕೆಲ್ಸ?”

“ನಾನೇ ಅಕ್ಕಾ. ನಿಂಗೆ ಕಷ್ಟ ಆಗ್ತದೆ ಅಂತ...”

“ನೀ ಒಕ್ಕಲ ಮನೆ ಹುಡ್ಗ ತಾನೆ?”

“ಹೂಂ, ಚಿನ್ನಮನೂರು.”

“ಬಾಳೆ ಗೊನೆ ಬಿಟ್ರೆ, ಅಯ್ಯೋ, ಮರಕ್ಕೆ ಗಂಟು ಬಂತು ಅಂತ ಕಡ್ದು ಹಾಕ್ತಿದ್ರಾ ನಿಮ್ಮನೇಲಿ?”

ಕೊಟ್ಟಿಗೆಯಲ್ಲಿದ್ದವರೆಲ್ಲ ನಕ್ಕರು. ಆಕೆ ಮಾತ್ರ ನಗದೆ, ಅವನನ್ನು ಮಗ್ಗದ ಹತ್ತಿರ ಕೂರಿಸಿ ತೋರಿಸಿದಳು. ರಟ್ಟು ಮಗ್ಗದ ನೆತ್ತಿಯ ಮೇಲೆ ಒಂದೊಂದಾಗಿ ಸರಿಯುತ್ತದೆ. ತೂತಿದ್ದಲ್ಲಿ ನೂಲು ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ರಟ್ಟು ಹೇಳಿದಂತೆ ಮಗ್ಗ ಕೇಳುತ್ತದೆ. ಹಾಗೆ ಕೇಳುತ್ತ ಕೇಳುತ್ತ ಸೀರೆಯ ಅಂಚಿನಲ್ಲಿ ಮಾವಿನಕಾಯಿ ಮೂಡುತ್ತದೆ. ಒಂದು ತೂತು ತಪ್ಪಿ ಬಿದ್ದರೆ ಸೀರೆಯುದ್ದಕ್ಕೂ ಪ್ರತಿ ಮಾವಿನಕಾಯಿಯಲ್ಲಿ ಅದೇ ತಪ್ಪು. ಅಂಥ ಒಂದು ತೂತನ್ನೇ ಆಕೆ ಬೆಳಿಗ್ಗೆ ಮುಚ್ಚಿದ್ದು. ಉಳಿದವೆಲ್ಲ ಮಾವಿನಕಾಯಿಗಳು. ಅವನ್ನು ದುರೈ ಮುಚ್ಚಿದ್ದ.

ದಂಡವೆಂದರೆ, ಹಾಳಾದವುಗಳ ಬದಲು ಹೊಸ ರಟ್ಟುಗಳಿಗೆ ತೂತು ಹೊಡೆಯುವಾಗ ಅವನು ಪಕ್ಕದಲ್ಲಿ ಕೂತು ಚೌಕಳಿ ಕಾಗದದ ಮೇಲಿನ ಚಿತ್ರವನ್ನು ಓದಬೇಕು. ಆ ಕಸುಬಿನ ಪದ್ಧತಿಯೇ ಹಾಗೆ. ಓದುವವರೊಬ್ಬರು, ಹೊಡೆಯುವವರೊಬ್ಬರು. ಬಣ್ಣ ತುಂಬಿದ ಮನೆಗೆ “ಗುದ್ದು”, ಖಾಲಿ ಮನೆಗೆ “ಬಿಡು”. ಗುದ್ದು ಎರಡು, ಬಿಡು ಒಂದು, ಗುದ್ದು ಮೂರು. ದುರೈ ಗಂಟಲು ಕಟ್ಟುವ ತನಕ ಓದಿದ. ಆಕೆ ಕಾಗದದ ಕಡೆ ಕಣ್ಣೆತ್ತದೆ, ಕಿವಿಯಿಂದಲೇ ಕೇಳಿಸಿಕೊಂಡು ಹೊಡೆದಳು. ನಡುನಡುವೆ ಬಾಯಿ ಬಿಟ್ಟಾಗ ಅವಳ ಕತೆ ಬಂತು.

ಅಳಗಮ್ಮಾಳ್ ಗೂಡಲೂರಿನ ಕನ್ನಡದ ಒಕ್ಕಲು ಮನೆಯವಳು. ಗಂಡ ಕಾಳಿಮುತ್ತು ತನ್ನ ಅಣ್ಣನ ಜೊತೆ ಮಾತಿಗೆ ಮಾತು ಬೆಳೆಸಿ, ಉಳುತ್ತಿದ್ದ ನೇಗಿಲನ್ನು ಸಾಲಿನಲ್ಲೇ ಬಿಟ್ಟು, ಇವಳನ್ನು ಕರೆದುಕೊಂಡು ದಿಂಡಿಗಲ್ ಕಡೆಗೆ ಹೊರಟುಹೋದ. ಅಲ್ಲೊಬ್ಬ ನೇಕಾರನ ಮನೆಯಲ್ಲಿ ರಟ್ಟು ಹೊಡೆಯುವುದನ್ನು ಕಲಿತ. ಮಣ್ಣು ಬಿಟ್ಟವ ರಟ್ಟು ಹಿಡಿದನೆಂದು ನೆಂಟರು ಮದುವೆಮನೆಯಲ್ಲೂ ಆಡಿಕೊಂಡರು. ಅವನು ಓದುತ್ತಿದ್ದ, ಇವಳು ಹೊಡೆಯುತ್ತಿದ್ದಳು. ಅವನು ಜ್ವರದಲ್ಲಿ ಹೋದಮೇಲೆ ಸುತ್ತಿಗೆಯನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ತನ್ನ ಊರಿನ ಕಣಿವೆಗೆ ವಾಪಸಾದಳು. ಓದುವವರು ಯಾರೂ ಇಲ್ಲದಾಗ ತಾನೇ ಪಿಸುಗುಟ್ಟಿ ಹೊಡೆಯುತ್ತಾಳೆ. ಆಗ ಬಾಯಿಂದ ಬರುವುದು ಅವನ ರಾಗವೇ ಎಂದು, ದಿಂಡಿಗಲ್ಲಿನಲ್ಲಿ ಅವನ ಓದು ಕೇಳಿದ್ದ ಹಳಬರು ಹೇಳುತ್ತಿದ್ದರು.

ಸಾವಿರದ ಒಂಬೈನೂರ ಅರವತ್ತಾರರಲ್ಲಿ, ಹೆಂಗಸರಿಗೆ ರಟ್ಟು ಹೊಡೆಯುವ ತರಗತಿ ನಡೆಸಬೇಕೆಂದು ಸಂಘಕ್ಕೆ ಸರ್ಕಾರದ ಅಪ್ಪಣೆ ಬಂತು. ಕಲಿಸುವವಳು ಅಳಗಮ್ಮಾಳ್ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕಲಿಯಲು ಬಂದವರಲ್ಲಿ ಮೊದಲನೆಯವಳು ಕರುಪ್ಪಾಯಿ. ಗೂಡಲೂರಿನಿಂದ ದಿನಾ ಬಸ್ಸಿನಲ್ಲಿ ಬರುವಳು. ಅವಳ ತಾಯಿ ಕುಮಳಿ ಘಾಟಿ ಹತ್ತಿ ಏಲಕ್ಕಿ ತೋಟದ ಕೂಲಿಗೆ ಹೋಗುವವಳು. ಮಗಳೂ ಎರಡು ಸುಗ್ಗಿ ಹೋಗಿ, ಒದ್ದೆ ಚಳಿಗೆ ಎದೆ ಕಟ್ಟಿಕೊಂಡು ಇಳಿದಿದ್ದಳು. “ಈ ವೇಲೆ ಕೈಗೆ ಹತ್ತಿದ್ರೆ ಮಲೆ ಹತ್ತೋದು ತಪ್ತದೆ ಅಕ್ಕಾ” ಎಂದು ದಿನಕ್ಕೊಮ್ಮೆಯಾದರೂ ಹೇಳುವಳು. ಮದುರೆಯಲ್ಲಿ ರಟ್ಟು ಹೊಡೆಯುವವರಿಗೆ ತಿಂಗಳ ಸಂಬಳದ ಕೆಲಸವಿದೆಯೆಂದು ಅವಳಿಗೆ ಯಾರೋ ಹೇಳಿದ್ದರು.

ತರಗತಿಗೆ ಉಪಕರಣ ಬೇಕಿತ್ತು. ಸಂಘದ ಕಾರ್ಯದರ್ಶಿ ಗೋವಿಂದನ್‌ಗೆ ಹೊಸ ಕಾಲುಮಿಷನ್ನಿನ ಆಸೆ. “ದುಡ್ಡು ಸರ್ಕಾರ ಕೊಡೋದು, ವಾಂಗಿಬಿಡೋಣ” ಎಂದ. ಆದರೂ ಕಲಿಸುವವಳು ಒಪ್ಪಬೇಕಲ್ಲ ಎಂದು ಅಳಗಮ್ಮಾಳನ್ನು ದಿಂಡಿಗಲ್‌ಗೆ ಕಳಿಸಿದ. ವರದಿ ಬರೆಯಲು ದುರೈ; ಹೊಸಬರ ಕೈಗೆ ಹೇಗಿದೆ ನೋಡಲು ಕರುಪ್ಪಾಯಿ.

ದಿಂಡಿಗಲ್ಲಿನ ಗೋದಾಮಿನಲ್ಲಿ ಮಿಷನ್ ಹಾರ್ಮೋನಿಯಂ ಮತ್ತು ಹೊಲಿಗೆಯಂತ್ರಕ್ಕೆ ಹುಟ್ಟಿದ ಕೂಸಿನಂತೆ ಕೂತಿತ್ತು. ಬೆರಳಿಗೆ ಮಣೆಗಳು, ಕಾಲಿಗೆ ತುಳಿಪಲಗೆ. ಮಣೆ ಒತ್ತಿ ತುಳಿದರೆ ಒಂದು ಸಾಲು ತೂತು ಒಂದೇ ಏಟಿಗೆ ಬೀಳುತ್ತದೆ. ಪಕ್ಕದ ಮೂಲೆಯಲ್ಲಿ, ಮಾರುವವನಿಗೇ ನಾಚಿಕೆಯಾಗುವಂತೆ, ಕೈಪಲಗೆಗಳು: ತೂತು ಕೊರೆದ ಎರಡು ಕಬ್ಬಿಣದ ಹಲಗೆ, ಒಂದು ಹಿಡಿಯಷ್ಟು ಉಳಿಗಳು, ಒಂದು ಮರದ ಸುತ್ತಿಗೆ. ರಟ್ಟನ್ನು ನಡುವೆ ಸಿಕ್ಕಿಸಿ, ಬೇಕಾದ ತೂತುಗಳಲ್ಲಿ ಉಳಿ ನಿಲ್ಲಿಸಿ, ನೋಡಿ, ಆಮೇಲೆ ಹೊಡೆಯುವುದು.

ಕರುಪ್ಪಾಯಿ ಕೇಳದೆಯೇ ಮಿಷನ್ ಮುಂದೆ ಕೂತಳು. ಮೊದಲ ರಟ್ಟು ಚಿಂದಿ, ಎರಡನೆಯದು ಸೊಟ್ಟ. ಮೂರನೆಯದಕ್ಕೆ ಅವಳ ಬೆರಳುಗಳು ತಾವಾಗಿ ಜಾಗ ಹುಡುಕಿಕೊಂಡವು.

“ನೋಡು ಅಕ್ಕಾ! ಎಷ್ಟ್ ಸೀಕ್ರಂ, ಎಷ್ಟ್ ಬೇಗ!”

ಅಂಗಡಿಯವನು ಅಳಗಮ್ಮಾಳ ಕಡೆ ತಿರುಗಿ, “ನೀಂಗ ಕೂತು ನೋಡಮ್ಮಾ” ಎಂದ.

“ನಾ ನಿಂತೇ ನೋಡ್ತೀನಿ” ಎಂದಳು ಅಳಗಮ್ಮಾಳ್. ಆಮೇಲೆ ದುರೈಗೆ ಕನ್ನಡದಲ್ಲಿ ಹೇಳಿದಳು: “ಬರ್ಕೋ. ಇದು ಸರಿಯನ್ನೂ ಬೇಗ ಹೊಡೀತದೆ, ತಪ್ಪನ್ನೂ ಬೇಗ ಹೊಡೀತದೆ. ಹೊಸ ಕೈಗೆ ತಾನು ಯಾವ ತೂತು ಹೊಡ್ದೆ ಅಂತ್ಲೇ ಕಾಣಲ್ಲ. ಪಲಗೇಲಿ ಇಡೀ ರಟ್ಟು ಕಣ್ಮುಂದೆ ಇರ್ತದೆ. ಉಳಿ ತಪ್ಪಿ ನಿಂತ್ರೆ ಹೊಡೆಯೋ ಮುಂಚೆ ತೆಗೀಬೋದು. ಈ ಒಂದ್ರ ಬದ್ಲು ಆರು ಪಲಗೆ ಬರ್ತವೆ. ಎಲ್ಲರ ಮಡಿಲಿಗೂ ಒಂದೊಂದು. ಮಿಷನ್ ಆದ್ರೆ ಒಬ್ಳು ಕೂತ್ಕೋತಾಳೆ, ಐದು ಜನ ಬಾಯಿ ಬಿಟ್ಕೊಂಡು ನಿಂತ್ಕೋತಾರೆ.”

ಕರುಪ್ಪಾಯಿ ಮಣೆಗಳ ಮೇಲಿಂದ ಕೈ ತೆಗೆಯಲಿಲ್ಲ. ಅಳಗಮ್ಮಾಳ್ “ಏಳೇ, ಬಸ್ ಹೋಗ್ತದೆ” ಎಂದಳು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ದುರೈಗೆ ಅದು ಗೊತ್ತಿದ್ದರೂ ಈ ಅವಸರ ಏಕೆಂದು ಹೊಳೆಯಲಿಲ್ಲ. ಅವನು ವರದಿಯ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದ.

ವರದಿ ಬಹಳ ಚೆನ್ನಾಗಿ ಬಂತೆಂದು ಅವನ ಅಭಿಪ್ರಾಯ. ‘ಸರಳತೆಯೇ ಆರಂಭಿಕರ ಗುರು’ ಎಂಬರ್ಥದ ಒಂದು ಸಾಲನ್ನು ತಮಿಳಿನಲ್ಲಿ ಬರೆದು, ತಾನೇ ಗಟ್ಟಿಯಾಗಿ ಓದಿಕೊಂಡು ತಲೆದೂಗಿದ. ಗೋವಿಂದನ್ ಸಹಿ ಹಾಕಿದ. ಪಲಗೆಗಳು ಬಂದವು.

ತರಗತಿ ಅಳಗಮ್ಮಾಳ ಮಾತನ್ನು ಸುಳ್ಳು ಮಾಡಲಿಲ್ಲ. ಸುತ್ತಿಗೆ ಮುಟ್ಟುವ ಮೊದಲು ಹೆಂಗಸರೆಲ್ಲ ಓದುವುದನ್ನು ಕಲಿತರು. ಅಕ್ಷರ ಬಾರದವರೂ ಚೌಕಳಿಯ ಮೇಲೆ ಬೆರಳಿಟ್ಟು ಗುದ್ದು, ಬಿಡು ಎಂದು ಹಾಡಿದರು. ತಪ್ಪು ಹೊಡೆದವರು ತಾವೇ ಹುಡುಕಿ ತಾವೇ ಕಾಗದ ಅಂಟಿಸುವ ತನಕ ಅಳಗಮ್ಮಾಳ್ ಏಳಗೊಡುತ್ತಿರಲಿಲ್ಲ. ವರ್ಷ ತುಂಬುವುದರಲ್ಲಿ ಕರುಪ್ಪಾಯಿಯ ರಟ್ಟಿಗೂ ಅಳಗಮ್ಮಾಳ ರಟ್ಟಿಗೂ ಮಗ್ಗದವರು ವ್ಯತ್ಯಾಸ ಹೇಳದಾದರು.

ಮದುರೆಯಿಂದ ಕರೆ ಬಂದಾಗ ಕರುಪ್ಪಾಯಿ ಹೂ ಮುಡಿದು ಹೋದಳು. ಮಾರನೆಯ ದಿನ ಹೂವಿಲ್ಲದೆ ಬಂದು ಕೊಟ್ಟಿಗೆಯ ಹೊಸಿಲಲ್ಲಿ ಕೂತಳು.

“ಅಲ್ಲಿ ಪಲಗೆ ಇಲ್ಲೆ ಅಕ್ಕಾ. ಎಲ್ಲ ಮಿಷನ್ನೇ. ನಾ ಮುಂದೆ ಕೂತೆ, ಬೆರಳು ಓಡ್ಲಿಲ್ಲ. ಚಿತ್ರ ಓದ್ತೀನಿ, ತಪ್ಪು ಹುಡುಕ್ತೀನಿ ಅಂದೆ. ಓದೋರು ನಮ್ಮಲ್ಲಿ ಅವ್ರೆ, ನಿಂಗೆ ಮಿಷನ್ ತೆರಿಯುಮಾ ಅಂದ್ರು. ಕಲಿಯೋಕೆ ಒಂದ್ ತಿಂಗ್ಳು ಕೊಡಿ ಅಂದೆ. ಆಗಲೇ ನನ್ ಹಿಂದೆ ನಿಂತಿದ್ದ ಪೊಣ್ಣನ್ನ, ಇನ್ನೊಬ್ ಹುಡ್ಗೀನ, ಕೂಗಿದ್ರು.”

ಅಳಗಮ್ಮಾಳ್ ಅವಳಿಗೆ ನೀರು ಕೊಟ್ಟಳು.

ಸಂಘದಲ್ಲಿ ಇನ್ನೊಬ್ಬಳಿಗೆ ಕೆಲಸವಿರಲಿಲ್ಲ. ಏಲಕ್ಕಿ ಬಿಡಿಸುವ ಕಾಲಕ್ಕೆ ಕರುಪ್ಪಾಯಿ ತಾಯಿಯ ಜೊತೆ ಲಾರಿ ಹತ್ತಿದಳು. ಆ ದಿನ ದುರೈ ಸಂಘದ ಕೆಲಸಕ್ಕೆ ಗೂಡಲೂರಿಗೆ ಹೋಗಿದ್ದ. ಲಾರಿಯ ಹಿಂದೆ ಹೆಂಗಸರ ನಡುವೆ, ಕಂಬಳಿಯನ್ನು ಕುತ್ತಿಗೆಯ ತನಕ ಹೊದ್ದು ಕೂತ ಅವಳನ್ನು ನೋಡಿದ. ಅವಳು ಕೈ ಬೀಸಿದಳು. ಅವನಿಗೆ ತನ್ನ ವರದಿಯ ಆ ಚಂದದ ಸಾಲು ನೆನಪಾಗಿ ಮುಖ ಬಿಸಿಯಾಯಿತು.

ವಾಪಸು ಬಂದವನು ನೇರವಾಗಿ ಕೊಟ್ಟಿಗೆಗೆ ಹೋದ. ಅಳಗಮ್ಮಾಳ್ ಹೊಸ ತಂಡದವರ ಪಲಗೆಗಳಿಗೆ ಎಣ್ಣೆ ಒರೆಸುತ್ತಿದ್ದಳು. ಅವನು ನಿಂತ, ಕೂತ, ಮತ್ತೆ ಎದ್ದ.

“ಏನ್ ತಂಬಿ, ಚಡ್ಡಿ ಒಳಗೆ ಇರುವೆ ಹೊಕ್ಕಂಗೆ ಆಡ್ತೀಯ?”

“ಅಕ್ಕಾ, ಒಂದು ಕೇಳ್ತೀನಿ, ಕೋಪ ಮಾಡ್ಕೋಬ್ಯಾಡ.”

“ಕೇಳು. ಕೋಪ ಬರೋದು ಬಿಡೋದು ಅಪ್ಪುರಂ, ಆಮೇಲಿನ ಮಾತು.”

“ಅವತ್ತು ದಿಂಡಿಗಲ್‌ನಲ್ಲಿ ಮಿಷನ್ ಬ್ಯಾಡ ಅಂದ್ಯಲ್ಲ. ಪೊಣ್ಣುಗಳಿಗೆ ಪಲಗೆ ಸುಲಭ ಅಂತ್ಲಾ? ಇಲ್ಲಾ, ನಿಂಗೆ ಮಿಷನ್ ಬರಲ್ಲ ಅಂತ್ಲಾ?”

ಆಕೆ ಕೈಯಲ್ಲಿದ್ದ ಪಲಗೆಯನ್ನು ಪೂರ್ತಿ ಒರೆಸಿ ಕೆಳಗಿಟ್ಟಳು.

“ನಂಗೆ ಬರಲ್ಲ ಅಂತ. ಮಿಷನ್ ಬಂದಿದ್ರೆ ಅದ್ರ ಹಿಂದೇನೇ ಕಲಿಸೋಕೆ ಬೇರೆ ವಾದ್ಯಾರ್ ಬರ್ತಿದ್ದ, ನಾ ಮನೆಗೆ ಹೋಗ್ತಿದ್ದೆ. ನಿನ್ ಕೈಲಿ ಬರ್ಸಿದ್ದೆಲ್ಲ ನಿಜವೇ ತಂಬಿ. ಆದ್ರೆ ಅದನ್ನ ನಾ ಆಮೇಲೆ ಯೋಚ್ನೆ ಮಾಡಿದ್ದು.”