ಎಡಕ್ಕೆ ವಾಲಿದ ಉಳಿ

ನಮ್ಮ ಭಾವ ಮೂರ್ತಪ್ಪನಿಗೆ ಹರಾಜಿನ ಹುಚ್ಚು. ಚಿನ್ನದ ಹರಾಜಲ್ಲ, ಸೈಟಿನ ಹರಾಜೂ ಅಲ್ಲ; ತುಕ್ಕು ಹಿಡಿದ ಉಳಿ, ಹಲ್ಲುದುರಿದ ಗರಗಸ, ಹಿಡಿ ಸಡಿಲಾದ ಬಾಚಿ ಇಂಥವು ಬರುವ ಹರಾಜು. ಬಡಗಿಯಾದವನು ಸಾಮಾನು ಕೊಳ್ಳುವುದು ತಪ್ಪೇನಲ್ಲ, ನಾನೂ ಒಪ್ಪುತ್ತೇನೆ. ಆದರೆ ಭಾನುವಾರ ಬೆಳಿಗ್ಗೆ, ಹೊಸದುರ್ಗದ ನನ್ನ ಸೈಕಲ್ ಅಂಗಡಿಗೆ ಬಾಗಿಲು ಹಾಕಿ ನಾನು ಹೊದ್ದು ಮಲಗಿರುವಾಗ, ಕಿಟಕಿ ಬಡಿದು "ಪರಮೇಶಿ, ಏಳೋ, ದುರ್ಗಕ್ಕೆ ಹೋಗಾಣ" ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನಗಂತೂ ಮೂಗಿನ ತುದಿಯಲ್ಲೇ ಕೋಪ. ಬೈದುಕೊಂಡೇ ಅಂಗಿ ಹಾಕಿಕೊಳ್ಳುತ್ತಿದ್ದೆ, ಬೈದುಕೊಂಡೇ ಬಸ್ಸು ಹತ್ತುತ್ತಿದ್ದೆ. ಭಾವ ಕಿಟಕಿ ಪಕ್ಕ ಕೂತು ಕಡಲೆಕಾಯಿ ಸುಲಿದು ನನ್ನ ಕೈಗೆ ಕೊಡುತ್ತಿದ್ದ. ಅದನ್ನು ತಿನ್ನುತ್ತಾ ಬೈಯುವುದು ಕಷ್ಟ.

ಹರಾಜಿನಲ್ಲಿ ಕೂಗುವ ಕೆಲಸ ನನ್ನದು. ಮೂರ್ತಪ್ಪ ಕಣ್ಣು ಹಾಕಿದ ಅಂದರೆ ಸಾಮಾನು ಚೆನ್ನಾಗಿದೆ ಅಂತ ಅರ್ಥ, ಆಮೇಲೆ ಎಲ್ಲರೂ ಮುಗಿಬೀಳುತ್ತಾರೆ. ಅದಕ್ಕೇ ಭಾವ ತನಗೆ ಬೇಕಾದ್ದನ್ನು ತಿರುಗಿಯೂ ನೋಡುತ್ತಿರಲಿಲ್ಲ. ಯಾವುದೋ ಮುರುಕಲು ಬೈರಿಗೆಯನ್ನು ಎತ್ತಿ, ತಿರುವಿ, ಊದಿ, "ಆಹಾ" ಅನ್ನುತ್ತಿದ್ದ. ಜನ ಆ ಬೈರಿಗೆಯ ಸುತ್ತ ಸೇರಿದಾಗ ನಾನು ಇತ್ತ ಕಡೆ ನಿಂತು, ಏನೂ ತಿಳಿಯದವನ ಹಾಗೆ, ಮೆಲ್ಲಗೆ ಕೂಗಬೇಕು. ಭಾವ ಕಿವಿ ಕೆರೆದರೆ ಇನ್ನಷ್ಟು ಏರಿಸು ಅಂತ, ಹೆಗಲ ಟವೆಲ್ ಕೊಡವಿದರೆ ಬಿಡು ಅಂತ. ಒಮ್ಮೆ ಇರುವೆ ಕಚ್ಚಿ ನಿಜವಾಗಿಯೂ ಕಿವಿ ಕೆರೆದುಕೊಂಡ. ಒಂದು ಚೀಲ ಬಾಗಿಲ ಚಿಲಕ ನಮ್ಮ ತಲೆಗೆ ಬಿತ್ತು. ಅಕ್ಕ ಏಕಾಂತಮ್ಮ ಚೀಲ ಬಿಚ್ಚಿ ನೋಡಿ, "ಇಷ್ಟು ಚಿಲಕ ತಂದೀರಲ್ರೀ, ಬಾಗ್ಲು ಎಲ್ಲವೆ?" ಅಂದಳು. ಭಾವ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ.

ಇಷ್ಟೆಲ್ಲ ನಗುವ, ನಗಿಸುವ ಮನುಷ್ಯನಿಗೆ ಒಂದೇ ಒಂದು ಕೊರಗು. ಭಾವ ಎಡಚ. ಕೆಲಸ ಕಲಿಸಿದ ಗುರು ಅವನ ಎಡಗೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿ ಬಲಗೈಯಲ್ಲಿ ಮರದ ಸುತ್ತಿಗೆ, ಅದೇ ಕೊಡತಿ, ಹಿಡಿಸುತ್ತಿದ್ದನಂತೆ. ಟವೆಲ್ ಬಿಚ್ಚಿದ ಕೂಡಲೇ ಕೊಡತಿ ಮತ್ತೆ ಎಡಗೈಗೇ ಬರುತ್ತಿತ್ತು. ಜೊತೆಯವರು ಯಾರೂ ಅವನೊಂದಿಗೆ ಜೋಡಿ ಕೂರುತ್ತಿರಲಿಲ್ಲ, ಕೈಗೆ ಕೈ ಅಡ್ಡ ಬರುತ್ತದೆ ಅನ್ನುತ್ತಿದ್ದರು. ಹಾಗಾಗಿ ಅಂಗಡಿ ಇಟ್ಟ ಮೇಲೂ ಒಬ್ಬನೇ ಕೊಯ್ಯುತ್ತಿದ್ದ, ಒಬ್ಬನೇ ಕೆತ್ತುತ್ತಿದ್ದ. ಅದಾದರೂ ಹೋಗಲಿ. ಹೊಳಲ್ಕೆರೆ ಕಡೆಯ ಒಂದು ಮನೆಗೆ ಬಾಗಿಲಿನ ಚೌಕಟ್ಟು ಪೂರ್ತಿ ಮಾಡಿಕೊಟ್ಟಿದ್ದ. ಹೊಸ್ತಿಲು ಪೂಜೆಯ ದಿನ ಆ ಮನೆಯ ಹಿರಿಯರು, "ಮೊದಲ್ನೇ ಏಟು ಎಡಗೈದು ಬ್ಯಾಡಪ್ಪ, ಮನೆಗೆ ಆಗಿಬರಲ್ಲ" ಅಂದು ಬೇರೆ ಬಡಗಿಯನ್ನು ಕರೆಸಿದರು. ಭಾವನಿಗೆ ಎಲೆ ಹಾಕಿ ಊಟ ಬಡಿಸಿದರು. ಬಂದು ನನ್ನ ಹತ್ತಿರ, "ಪಾಯಸ ಚೆನ್ನಾಗಿತ್ತು ಕಣೋ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಯಾರ ಮನೆಗೆ ಕೆಲಸ ಮಾಡಿದರೂ ಹೊಸ್ತಿಲು ಕೂರಿಸುವ ದಿನ ತಾನೇ ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿಯುತ್ತಿದ್ದ.

ತೊಂಬತ್ತನಾಲ್ಕರ ಬೇಸಿಗೆ ಇರಬೇಕು. ಊರೂರಲ್ಲೂ ಟೈರ್ ಗಾಡಿ ಬಂದು ಮರದ ಚಕ್ರ ಮೂಲೆಗೆ ಬಿದ್ದಿತ್ತು. ಚಕ್ರ ಮಾಡುವವರ ಸಾಮಾನೆಲ್ಲ ಗೋಣಿಚೀಲದಲ್ಲಿ ಗುಜರಿಗೆ ಬರುತ್ತಿದ್ದ ಕಾಲ. ದುರ್ಗದ ಗುಜರಿ ಬೋರಪ್ಪ ಅಂಥವನ್ನೆಲ್ಲ ಕೂಡಿಟ್ಟು ಆಗಾಗ ತನ್ನ ಅಂಗಳದಲ್ಲೇ ಹರಾಜು ಹಾಕುತ್ತಿದ್ದ. ಅಲ್ಲಿ ನಮಗೆ ಒಂದು ದೊಡ್ಡ ಉಳಿ ಸಿಕ್ಕಿತು. ಯಾರೂ ಎದುರು ಕೂಗಲಿಲ್ಲ. ಹಿಡಿಯ ಮೇಲೆ ಕಾಯಿಸಿದ ಸೂಜಿಯಲ್ಲಿ ಸುಟ್ಟು ಬರೆದ ಪುಟ್ಟ ರಾಗಿ ತೆನೆಯ ಗುರುತು.

ಮಾರನೆಯ ಬೆಳಿಗ್ಗೆ ಭಾವ ಆ ಉಳಿ ಹಿಡಿದು ನನ್ನ ಅಂಗಡಿಗೆ ಓಡಿಬಂದ. ನಾನು ಪಂಚರ್ ಹಾಕುತ್ತಿದ್ದೆ.

"ಪರಮೇಶಿ, ಇದು ನನ್ನಂಥೋನ ಉಳಿ ಕಣೋ!"

"ಉಳಿ ಉಳೀನೇ. ಆ ಕಡೆ ಸರಿ, ನೀರಿನ ಬಾನಿ ಒದೀತೀಯ."

"ಲೇ, ತಲೆ ನೋಡೋ ಇದರದು!"

ನೋಡಿದೆ. ಉಳಿಯ ಹಿಡಿಯ ತಲೆ ಏಟು ತಿಂದು ತಿಂದು ಸವೆಯುತ್ತದೆ. ಬಲಗೈಯಲ್ಲಿ ಹೊಡೆಯುವವರದು ಬಲಕ್ಕೆ ಇಳಿಜಾರಾಗಿ ಸವೆದಿರುತ್ತದೆ. ಅಂಥ ಹಳೆಯ ಉಳಿಗೆ ಭಾವ ಹೊಡೆದರೆ ಏಟು ಜಾರುತ್ತಿತ್ತು, ಹಿಡಿಯನ್ನೇ ಬದಲಿಸಬೇಕಿತ್ತು. ಈ ಉಳಿ ಎಡಕ್ಕೆ ಸವೆದಿತ್ತು. ಭಾವ ಅಲ್ಲೇ ಒಂದು ಹಲಗೆಯ ಮೇಲೆ ಇಟ್ಟು ಹೊಡೆದು ತೋರಿಸಿದ. ಕೊಡತಿ ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. "ಎಲ್ಲೋ ಒಬ್ಬ ಇದಾನೆ ಕಣೋ. ಅವನಿಗೂ ಕೈ ಕಟ್ಟಿದ್ರೋ ಏನೋ" ಅಂದವನ ಕಣ್ಣು ತುಂಬಿತ್ತು. ನಾನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುವವನ ಹಾಗೆ ತಲೆ ಬಗ್ಗಿಸಿದೆ.

ಅಲ್ಲಿಂದ ಹರಾಜಿನ ಹುಚ್ಚು ನೆತ್ತಿಗೇರಿತು. ಹಿರಿಯೂರಿನಲ್ಲಿ ಒಂದು ಸಾಮಿಲ್ ಮುಚ್ಚಿದಾಗ ಹೋದೆವು. ರಾಶಿಯ ತಳದಲ್ಲಿ ತೆನೆ ಗುರುತಿನ ಇನ್ನೊಂದು ಉಳಿ. ಹೊಳಲ್ಕೆರೆಯಲ್ಲಿ ಯಾರೋ ಕಂಟ್ರಾಕ್ಟರ್ ಸಾಮಾನು ಹರಾಜು ಹಾಕಿದಾಗ ಮತ್ತೊಂದು. ಅಲ್ಲಿ ಇಲ್ಲಿ ಕೈ ಬದಲಾಗಿ ಬಂದಿದ್ದವು, ಎಲ್ಲ ಎಡಕ್ಕೇ ವಾಲಿದವು. ಭಾವ ಆ ಕಾಣದ ಮನುಷ್ಯನಿಗೆ ತೆನೆಯಣ್ಣ ಅಂತ ಹೆಸರಿಟ್ಟ. ಉಣ್ಣುವಾಗ ತೆನೆಯಣ್ಣ, ಮಲಗುವಾಗ ತೆನೆಯಣ್ಣ. "ಹೆಂಗಸಾಗಿದ್ರೆ ಸವತಿ ಅಂತ ಜಗಳನಾದ್ರೂ ಆಡ್ತಿದ್ದೆ, ಈ ಗಂಡಸಿನ ಸಂಗಡ ಏನು ಮಾಡ್ಲಿ ಪರಮೇಶಿ" ಅಂತ ಅಕ್ಕ ನಗುತ್ತಿದ್ದಳು. ಆದರೆ ಒಂದೊಂದು ಉಳಿ ಸಿಕ್ಕಿದಾಗಲೂ ಭಾವನ ಸಂತೋಷ ಆ ದಿನ ಸಂಜೆಗೇ ಇಳಿದುಹೋಗುತ್ತಿತ್ತು. ಬಡಗಿ ಉಳಿ ಮಾರುತ್ತಾನೆ ಅಂದರೆ ಏನರ್ಥ? ಕೈ ಬಿದ್ದುಹೋಯಿತೇ? ಕಣ್ಣು ಮಂಜಾಯಿತೇ? ಅವನು ಇರುವಾಗಲೇ ಒಮ್ಮೆ ಎದುರಿಗೆ ಕೂತು ಮಾತಾಡಬೇಕು, ಇಬ್ಬರೂ ಎಡಗೈಯಲ್ಲಿ ಒಂದು ತುಂಡು ಮರ ಕೆತ್ತಬೇಕು. ಅಷ್ಟೇ ಅವನ ಆಸೆ.

ಸಾಮಾನು ಎಲ್ಲಿಂದ ಬಂತು ಅಂತ ಬೋರಪ್ಪ ಯಾರಿಗೂ ಬಾಯಿ ಬಿಡುತ್ತಿರಲಿಲ್ಲ, ಅದು ಅವನ ವ್ಯಾಪಾರದ ಗುಟ್ಟು. ಎರಡು ಸಾವಿರದ ಮೂರರಲ್ಲಿ ಅಂಗಳ ಮಾರಿ ಗುಜರಿ ನಿಲ್ಲಿಸಿದ. ಕೊನೆಯ ಹರಾಜಿನಲ್ಲಿ ಭಾವ ತೆನೆ ಗುರುತಿನ ಉಳಿಯೊಂದನ್ನು ಎದೆಗವಚಿಕೊಂಡು ನಿಂತಿದ್ದು ನೋಡಿ, ಏನನ್ನಿಸಿತೋ, ತಾನಾಗೇ ಹೇಳಿದ.

"ಬಾಗೂರಾಗೆ ಮುದ್ದಕ್ಕ ಅಂತ ಒಬ್ಬಾಕಿ ಅವ್ಳೆ, ಅವಳ ಮನೇವು. ಆಗಾಗ ಒಂದೊಂದು ಕೊಡ್ತಿದ್ಲು. ಇದೇ ಕೊನೇದಂತೆ."

ಬಾಗೂರು! ನಮ್ಮ ಬಗಲಲ್ಲೇ ಇದ್ದವನನ್ನು ದುರ್ಗ, ಹಿರಿಯೂರು, ಹೊಳಲ್ಕೆರೆ ಸುತ್ತಿ ಹುಡುಕಿದ್ದೆವು. ನನಗೆ ಬೋರಪ್ಪನ ಜುಟ್ಟು ಹಿಡಿದು ಎಳೆಯಬೇಕು ಅನ್ನಿಸಿತು, ಅವನಿಗೆ ಜುಟ್ಟಿರಲಿಲ್ಲ. ಭಾವನಿಗೆ ಮಾತ್ರ ಕೇಳಿಸಿದ್ದು ಒಂದೇ ಮಾತು, ಕೊನೇದು ಅನ್ನುವುದು.

ಮಾರನೆಯ ದಿನವೇ ನನ್ನ ಲೂನಾದಲ್ಲಿ ಹೊರಟೆವು. ಭಾವ ಉಳಿಗಳನ್ನೆಲ್ಲ ಟವೆಲ್ಲಿನಲ್ಲಿ ಸುತ್ತಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಬಾಗೂರಿನಲ್ಲಿ ಕೇಳಿದರೆ ಮನೆ ತೋರಿಸಿದರು. ಹಳೆಯ ಮನೆ, ಹೊಸ್ತಿಲು ಗೆದ್ದಲು ತಿಂದು ಅರ್ಧ ಉದುರಿತ್ತು. ಒಳಗಿನಿಂದ ಬಂದವಳಿಗೆ ಅರವತ್ತೈದು ದಾಟಿರಬೇಕು, ಆದರೆ ತೋಳು ಗಟ್ಟಿ.

"ಯಾರಪ್ಪ? ಬರ್ರಿ, ಕುಂತ್ಕಳ್ರಿ."

ಭಾವ ಕೂರಲಿಲ್ಲ. ಗಂಟು ಬಿಚ್ಚಿ ಉಳಿಗಳನ್ನು ಅವಳ ಮುಂದೆ ಸಾಲಾಗಿ ಇಟ್ಟ. ಮುದ್ದಕ್ಕ ಅವುಗಳನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದಳು.

"ಯಜಮಾನ್ರು..." ಅಂದ ಭಾವ.

"ಸಣ್ಣಪ್ಪ ಅಂತ. ಗಾಡಿ ಚಕ್ರ ಮಾಡ್ತಿದ್ರು. ಅವರು ಹೋಗಿ ಬಾಳ ವರ್ಷ ಆತಪ್ಪ. ಅವರು ಹೋದ ಮ್ಯಾಲೇ ಅಲ್ವಾ ನಾನು ಇವನ್ನ ಮಾರಿದ್ದು."

ನಾವು ಮೊದಲ ಉಳಿ ಕೊಳ್ಳುವ ಹೊತ್ತಿಗಾಗಲೇ ತೆನೆಯಣ್ಣ ಇರಲಿಲ್ಲ. ಭಾವ ಮೆಲ್ಲಗೆ ಕೆಳಗೆ ಕೂತ. ಅಷ್ಟನ್ನಾದರೂ ಅವಳ ಬಾಯಿಂದ ಕೇಳೋಣ ಅನ್ನುವ ಹಾಗೆ, "ಅವರೂ ನನ್ನಂಗೆ ಎಡಗೈಯೋರು, ಅಲ್ವೇನವ್ವಾ?" ಅಂದ.

ಮುದ್ದಕ್ಕ ನಕ್ಕುಬಿಟ್ಟಳು. "ಎಡಗೈನಾ? ಯಾರು ಹೇಳಿದ್ರು? ಉಣ್ಣದು, ಬರಿಯದು, ಕೆತ್ತದು ಎಲ್ಲ ಬಲಗೈಲೇ."

"ಮತ್ತೆ ಈ ಉಳಿ ಎಡಕ್ಕೆ ಸವೆದಾವಲ್ಲ?"

"ಅದು ನನ್ನ ಏಟಪ್ಪ. ಚಕ್ರದ ನಡುವಿನ ಗುಂಬಕ್ಕೆ ತೂತು ಹೊಡೀಬೇಕಾದ್ರೆ ಒಬ್ಬರ ಕೈಲಿ ಆಗ್ತತೇನು? ಅವರು ಎರಡೂ ಕೈಲಿ ಉಳಿ ಹಿಡಿಯೋರು. ನಾನು ಎದುರಿಗೆ ನಿಂತು ಕೊಡತೀಲಿ ಹೊಡಿತಿದ್ದೆ. ನನ್ನ ಬಲಗೈ ಅವರ ಎಡಗಡೆಗೆ ಬರ್ತಿತ್ತು."

ಭಾವನ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಅಣ್ಣ ಅಂದುಕೊಂಡು ಬಾಳಿದ್ದ ಮನುಷ್ಯ ಸತ್ತಿದ್ದೂ ಅಲ್ಲದೆ, ಇರಲೇ ಇಲ್ಲ. ನನಗೆ ಆ ಮುದುಕಿಯ ನಗುವಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ಎದ್ದೇಳು ಭಾವ, ಹೋಗಾಣ" ಅಂದೆ. ಅವನು ಏಳಲಿಲ್ಲ.

"ಗಾಡಿಯೋರ ಉಳಿ ಅಂತ ಗೊತ್ತಿತ್ತು ಪರಮೇಶಿ" ಅಂದ. "ಎದುರಿಗೆ ಇನ್ನೊಬ್ರು ನಿಂತಿರ್ತಾರೆ ಅಂತ ಮಾತ್ರ ಹೊಳೀಲೇ ಇಲ್ಲ ನೋಡು."

ಹೇಗೆ ಹೊಳೆಯಬೇಕು? ಹುಟ್ಟಿದಾಗಿನಿಂದ ಅವನ ಎದುರಿಗೆ ಯಾರಾದರೂ ಕೂತಿದ್ದರೆ ತಾನೇ! ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನಾನೂ ಅವನ ಪಕ್ಕ ಕೂತೆ. ಮುದ್ದಕ್ಕನ ನಗುವೂ ನಿಂತಿತ್ತು. ಅವಳು ಭಾವನನ್ನೇ ನೋಡುತ್ತಾ ಕೇಳಿದಳು: "ಅವರು ಹೋದ ಮ್ಯಾಲೆ ನಮ್ಮ ಮೈದುನ ಹಿಡಿದು ನೋಡಿದ, ಏಟು ಜಾರಿ ಕೈ ಜಜ್ಜಿಕೊಂಡ. ಯಾರ ಕೈಗೂ ಬಗ್ಗಲಿಲ್ಲ ಇವು. ನಿನಗೆ ಬಗ್ಗಿದ್ವಾ?"

"ಬಗ್ಗಿದ್ವವ್ವ. ನನಗೆ ಅಂತಲೇ ಮಾಡಿದಂಗೆ."

ಮುದ್ದಕ್ಕ ನಮ್ಮನ್ನು ಒಳಗೆ ಕರೆದಳು. ಮೂಲೆಯಲ್ಲಿ ಒರಗಿಸಿದ್ದ ಹೊನ್ನೆ ಮರದ ತೊಲೆಯೊಂದನ್ನು ತೋರಿಸಿದಳು. ಹೊಸ ಹೊಸ್ತಿಲು ಮಾಡಬೇಕು ಅಂತ ಸಣ್ಣಪ್ಪ ತಂದಿಟ್ಟಿದ್ದಂತೆ. ಅಷ್ಟರಲ್ಲಿ ಹೋಗಿಬಿಟ್ಟ. "ಯಾರ ಕೈಗೂ ಕೊಡಾಕೆ ಮನಸು ಬರಲಿಲ್ಲ. ನೀನು ಕೂರಿಸಿಕೊಡಪ್ಪ."

"ಮಾಡಿಕೊಡ್ತೀನಿ. ಕೂರಿಸೋ ದಿನಕ್ಕೆ ಬ್ಯಾರೆಯೋರನ್ನ..."

"ಯಾಕೆ?"

ಭಾವ ಎಡಗೈಯನ್ನು ಟವೆಲ್ಲಿನೊಳಗೆ ಸರಿಸಿದ. ಮುದ್ದಕ್ಕನಿಗೆ ಅರ್ಥವಾಯಿತು. "ಅಯ್ಯೋ ಮಂಕೇ" ಅಂದಳು, ಅಷ್ಟೇ.

ಪೂಜೆಯ ದಿನ ಅಕ್ಕನೂ ಬಂದಿದ್ದಳು. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದರು. ಚೌಕಟ್ಟಿನ ಕಾಲು ಕೂರುವ ತೂತು ಹೊಡೆಯುವುದೊಂದು ಬಾಕಿ. ಭಾವ ಉಳಿ ತೆಗೆದುಕೊಂಡ ಕೂಡಲೇ ಬಂದವರಲ್ಲಿ ಒಬ್ಬರು ಶುರು ಮಾಡಿದರು: "ಮುದ್ದಕ್ಕ, ಮೊದಲ್ನೇ ಏಟು ಎಡಗೈದು..."

ನಾನು ತೋಳು ಮಡಿಸಿ ಎದ್ದೆ. ನನಗಿಂತ ಮೊದಲು ಮುದ್ದಕ್ಕ ಎದ್ದಿದ್ದಳು. "ಸುಮ್ಕಿರ್ರಿ. ನಿಮ್ಮನೆ ಗಾಡಿ ಚಕ್ರ ಉರುಳಿದ್ದೂ ಈ ಕಡೆ ಏಟಿಂದಾನೇ" ಅಂದಳು. ಗೂಡಿನಿಂದ ತನ್ನ ಹಳೆಯ ಕೊಡತಿ ತಂದಳು. ಉಳಿಗಳನ್ನೆಲ್ಲ ಮಾರಿದ್ದರೂ ಅದನ್ನು ಮಾತ್ರ ಇಟ್ಟುಕೊಂಡಿದ್ದಳು. ಭಾವನ ಎದುರಿಗೆ ನಿಂತು, "ಹಿಡಿ" ಅಂದಳು. ಭಾವ ಎರಡೂ ಕೈಯಲ್ಲಿ ಉಳಿ ಹಿಡಿದ. ಮೊದಲ ಏಟು ಅವಳದು. ಅವಳು ಕೊಡತಿಯನ್ನು ಹೊಸ್ತಿಲ ಮೇಲಿಟ್ಟಳು. ಭಾವ ಅದನ್ನು ಎಡಗೈಯಲ್ಲಿ ಎತ್ತಿಕೊಂಡು ಎರಡನೆಯ ಏಟು ಹೊಡೆದ. ಅವಳು ಹೊಡೆದ ಜಾಗಕ್ಕೇ ಬಿತ್ತು, ಸದ್ದೂ ಅದೇ. ಭಾವನ ಕಣ್ಣೀರು ಉಳಿಯ ಹಿಡಿಯ ಮೇಲೆ ಬೀಳುತ್ತಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಮುದ್ದಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ತೂತು ಮುಗಿಯಿತು, ಭಾವ ಕೊಡತಿ ಕೆಳಗಿಟ್ಟ.

"ಯಾಕಪ್ಪ ನಿಲ್ಲಿಸಿದೆ?"

"ಕೆಲಸ ಆತವ್ವ."

"ಆಗ್ಲಿ ಬಿಡು. ಈ ಸದ್ದು ಕೇಳಿ ಎಷ್ಟು ಕಾಲ ಆತು. ಇನ್ನೊಂದೀಟು ಹೊಡಿ."

ಭಾವ ಪಕ್ಕದಲ್ಲಿ ಬಿದ್ದಿದ್ದ ಮರದ ತುಂಡೊಂದನ್ನು ಎಳೆದುಕೊಂಡು, ಉಳಿ ಇಟ್ಟು, ಸುಮ್ಮನೆ ಹೊಡೆಯುತ್ತಾ ಕೂತ. ನಾನು ಲೂನಾಕ್ಕೆ ಏನೋ ಆಗಿದೆ ಅಂತ ಹೇಳಿ ಹೊರಗೆ ಬಂದೆ. ಅಲ್ಲಿಗೂ ಆ ಸದ್ದು ಕೇಳುತ್ತಿತ್ತು.