ನಾಲ್ಕನ್ನು ಮೂರು ಮಾಡಿದ ಮಧ್ಯಾಹ್ನ

ಪರಮಪದದ ಪಟವನ್ನು ನಮ್ಮ ಮನೆಯಲ್ಲಿ ವರ್ಷಕ್ಕೊಂದೇ ದಿನ, ವೈಕುಂಠ ಏಕಾದಶಿಗೆ, ಬಿಚ್ಚುತ್ತಿದ್ದೆವು. ನೋಡಿದರೆ ಹಾವು ಏಣಿಯ ಆಟವೇ. ಆದರೆ ಇದರಲ್ಲಿ ಹಾವುಗಳಿಗೆ ರಾಕ್ಷಸರ ಹೆಸರು, ಕೆಳಗೆ ನರಕ, ತುದಿಯಲ್ಲಿ ವೈಕುಂಠ. ಊರಲ್ಲಿಲ್ಲದವರ ಕಾಯಿಯನ್ನು ಮನೆಯ ಯಜಮಾನ ಆಡಬೇಕೆಂದು ನನ್ನ ತಾಯಿ ಹೇಳಿಕೊಟ್ಟಿದ್ದಳು. ಇನ್ನೊಂದು ಮಾತನ್ನೂ ಹೇಳಿದ್ದಳು: ಪಟದ ಮುಂದೆ ಸುಳ್ಳಾಡಿದರೆ ಅದು ಆಡಿದವರಿಗೆ ತಟ್ಟುವುದಿಲ್ಲ, ಯಾರ ಕಾಯಿಯ ವಿಷಯದಲ್ಲಿ ಆಡಿದೆವೋ ಅವರಿಗೆ ತಟ್ಟುತ್ತದೆ. ನಾನಿದನ್ನು ನನ್ನ ಮಗಳಿಗೂ ಹೇಳಿಕೊಟ್ಟಿದ್ದೆ.

ತೊಂಬತ್ತರ ದಶಕ. ಮೈಸೂರಿನಿಂದ ವರ್ಗವಾಗಿ ಬಂದು ಕೊಚ್ಚಿಯ ಪಾಲಾರಿವಟ್ಟಂನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿಯ ಕತ್ತಿನಲ್ಲಿ ಗಂಟು ಎದ್ದಿತ್ತು. ನಾನು ಎಸ್‌ಎಸ್‌ಎಲ್‌ಸಿ ಓದಿದವನು. ವೈದ್ಯರು ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ಅರ್ಧ ತಿಳಿಯಿತು, ತಿಳಿಯದ ಅರ್ಧ ನನ್ನನ್ನು ಹೆದರಿಸಿತು. ಅವಳನ್ನು ತಿರುವನಂತಪುರದ ಆಸ್ಪತ್ರೆಗೆ ಸೇರಿಸಿ, ಜೊತೆಗೆ ಅವಳ ಅಕ್ಕನನ್ನು ಬಿಟ್ಟು ಬಂದಿದ್ದೆ. ಆಪರೇಷನ್ ಏಕಾದಶಿ ಕಳೆದ ಮೂರನೆಯ ದಿನ.

ಏಕಾದಶಿಯ ಮಧ್ಯಾಹ್ನ ನಾನೂ ಹತ್ತು ವರ್ಷದ ಮಗಳೂ ಪಟ ಹಾಸಿ ಕೂತೆವು. ನನ್ನದು ಹುಣಸೆ ಬೀಜ, ಅವಳದು ಅಂಗಿಯ ಗುಂಡಿ, ಅವಳ ಅಮ್ಮನದು ಹಸಿರು ಬಳೆಚೂರು. ನನ್ನ ಬೀಜ ಮೂರು ಸಲ ನರಕಕ್ಕೆ ಬಿತ್ತು. ಅಪ್ಪ ಅಲ್ಲೇ ಕ್ವಾರ್ಟರ್ಸ್ ತೆಗೆದುಕೊಂಡಿದ್ದಾರೆ ಎಂದು ಮಗಳು ನಕ್ಕಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿ ತೆರೆದರೆ ಮಾತ್ರ ಮಲಯಾಳ.

ಬಳೆಚೂರು ಮೇಲಿನ ಸಾಲಿಗೆ ಹೋಯಿತು. ಅಲ್ಲಿ ಎಲ್ಲಕ್ಕಿಂತ ದೊಡ್ಡ ಹಾವು. ಅದರ ಬಾಯಿಗೆ ಬಿದ್ದರೆ ನೇರ ತಳಕ್ಕೆ. ನಾಲ್ಕು ಬೀಳಬಾರದಿತ್ತು. ಕವಡೆ ಎರಚಿದೆ. ಅಂಗಾತ ಬಿದ್ದದ್ದು ನಾಲ್ಕು. ಗೊತ್ತಿದ್ದೂ ಮಾಡಿದೆನೋ ಕೈಯೇ ಮಾಡಿತೋ, ಕಿರುಬೆರಳಿನಿಂದ ಒಂದನ್ನು ಬೋರಲು ಹಾಕಿದೆ.

"ನಾಲಾಣ್ ಅಚ್ಛಾ," ಎಂದಳು ಮಗಳು, ನಾಲ್ಕು ಅಪ್ಪಾ ಅಂತ.

ಮೂರು ಎಂದೆ. ನಾನು ಬೆರಳಿನಿಂದ ತಿರುಗಿಸಿದ್ದನ್ನು ತಾನು ಕಂಡೆನೆಂದಳು. ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಬಂತು. ಅವಳ ರಟ್ಟೆ ಹಿಡಿದು ದೇವರ ದೀಪದ ಮುಂದೆ ನಿಲ್ಲಿಸಿದೆ.

"ಏಕಾದಶಿ ದಿನ ಅಪ್ಪನ ಮೇಲೇ ಸುಳ್ಳು ಹೇಳ್ತೀಯಾ? ಮೂರೇ ಬಿದ್ದಿತ್ತು, ನಾನು ಸುಳ್ಳು ಹೇಳ್ದೆ ಅಂತ ದೇವರಿಗೆ ಹೇಳು."

ಅವಳು ಹೇಳಿದಳು, ಒಂದೊಂದೇ ಮಾತಾಗಿ, ಕನ್ನಡದಲ್ಲಿ. ಆಮೇಲೆ ಬಂದು ಕೂತು ಆಟ ಮುಗಿಸಿದಳು. ಬಳೆಚೂರು ವೈಕುಂಠಕ್ಕೆ ಹೋಯಿತು.

ಪಟ ಸುತ್ತಿಡುವಾಗ ತಾಯಿಯ ಮಾತು ನೆನಪಾಯಿತು. ಹೆಂಡತಿಯನ್ನು ಕಾಯಲು ಹೋಗಿ ಸುಳ್ಳಿನ ಕೇಡನ್ನು ಅವಳ ಮೇಲೇ ಎಳೆದಿದ್ದೆ. ಬಿಡಿಸಿಕೊಳ್ಳಲು ಇದ್ದ ದಾರಿ ಒಂದೇ, ಮಗಳೆದುರು ನಿಜ ಹೇಳುವುದು. ಹೇಳಲಿಲ್ಲ.

ಮರುದಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋಗಿ ತಂಪಾನೂರಿನ ಲಾಡ್ಜ್ ಒಂದರಲ್ಲಿ ಇಳಿದೆವು. ದ್ವಾದಶಿಯ ಪಾರಣೆಗೂ ಮಗಳು ಏನೂ ತಿನ್ನಲಿಲ್ಲ. ಹೊಟ್ಟೆನೋವು ಎಂದಳು. ಪುಟ್ಟು ಕಡಲೆ ಅವಳಿಗೆ ಪ್ರಾಣ. ಅದನ್ನು ತರಿಸಿದರೂ ಮುಟ್ಟಲಿಲ್ಲ. ಆಪರೇಷನ್ ದಿನದವರೆಗೂ ನೀರು, ಹಾಲಿಲ್ಲದ ಕಟ್ಟನ್ ಚಹಾ, ಅಷ್ಟೆ.

ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಮಗಳು ನನ್ನ ಮುಖ ನೋಡದೆ ಕೇಳಿದಳು. ದೇವರ ಮುಂದೆ ತಾನು ಹೇಳಿದ್ದು ಸುಳ್ಳು, ಅದು ಅಮ್ಮನಿಗೆ ತಟ್ಟುತ್ತದಾ ಅಂತ.

ಉಪವಾಸ ಯಾಕೆಂದು ಆಗ ತಿಳಿಯಿತು. ಅವಳು ಮೊದಲು ಹೇಳಿದ್ದು ನಿಜ, ನಾನು ಹೇಳಿಸಿದ್ದು ಸುಳ್ಳು. ಆ ಸುಳ್ಳು ಒಳಗೆ ಮಲಗಿರುವ ಅಮ್ಮನನ್ನು ಕೊಲ್ಲುತ್ತದೆಂದು ಮಗು ಮೂರು ದಿನದಿಂದ ನಂಬಿಕೊಂಡಿತ್ತು. ತಪ್ಪು ನನ್ನದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಬಾಗಿಲ ಮುಂದೆ ಒಪ್ಪಿಕೊಂಡರೆ ಆ ಗಳಿಗೆಗೇ ಒಳಗೆ ಏನಾದರೂ ಆದೀತೆಂದು ಹೆದರಿದೆ.

"ಮಕ್ಕಳ ತಪ್ಪನ್ನ ದೇವರು ಕ್ಷಮಿಸ್ತಾನಮ್ಮ," ಎಂದೆ.

ನನ್ನ ಪಾಪಕ್ಕೆ ನನ್ನ ಮಗಳನ್ನು ಕ್ಷಮಿಸಿದವನು ನಾನು. ಆಮೇಲೆ ಬಾಗಿಲು ತೆರೆಯುವವರೆಗೆ ಅವಳ ಕೈ ಹಿಡಿಯಲೂ ನನಗೆ ಧೈರ್ಯ ಬರಲಿಲ್ಲ.

ಗಂಟು ಕೆಟ್ಟದ್ದಾಗಿರಲಿಲ್ಲ. ಅಮ್ಮ ಕಣ್ಣು ಬಿಟ್ಟದ್ದನ್ನು ನೋಡಿದ ಮೇಲೆ ಮಗಳು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎರಡು ದೋಸೆ ತಿಂದು ವಾಂತಿ ಮಾಡಿಕೊಂಡಳು.

ತಿಂಗಳ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಆಪರೇಷನ್ನಿನಿಂದ ಒಡೆದ ಅವಳ ದನಿ ಇನ್ನೂ ಸರಿಹೋಗಿರಲಿಲ್ಲ. "ನಂಗ್ಯಾಕೆ ಹೇಳ್ತೀರಿ? ಅವಳಿಗೆ ಹೇಳಿ," ಎಂದಳು. ಇವತ್ತು, ನಾಳೆ ಎಂದುಕೊಂಡು ಒಂದು ವರ್ಷ ತಳ್ಳಿದೆ.

ಮುಂದಿನ ಏಕಾದಶಿಗೆ ಪಟ ಹಾಸಿದಾಗ ಮಗಳು ಅಡಿಗೆಮನೆಯ ಹೊಸ್ತಿಲು ದಾಟಿ ಬರಲೇ ಇಲ್ಲ. ನಾನೇ ಎದ್ದು ಅಲ್ಲಿಗೆ ಹೋಗಿ ಹೇಳಿದೆ: ನಾಲ್ಕೇ ಬಿದ್ದಿತ್ತು, ತಿರುಗಿಸಿದ್ದು ನಾನು.

"ಗೊತ್ತು. ನಾನು ನೋಡಿದ್ನಲ್ಲಾ," ಎಂದಳು ಕನ್ನಡದಲ್ಲೇ. ಆಮೇಲೆ ಕೇಳಿದಳು: "ಆಸ್ಪತ್ರೇಲಿ ಕೇಳ್ದಾಗ ಯಾಕೆ ಹೇಳ್ಲಿಲ್ಲ?"

ಹೆದರಿಕೆಯಾಗಿತ್ತು ಎಂದೆ.

"ನಂಗೂ," ಎಂದಳು.